ಕೆಳಗಿನ ದನಿ

ಮೊದಲು ಫ್ರಿಜ್ಜು ಆರಿಸಿದೆ.
ಅಡುಗೆಕೋಣೆಯಲ್ಲಿ ಅದು ಗುಂಯ್ ಅನ್ನುತ್ತಿತ್ತು,
ಮನುಷ್ಯರಿಗೆ ಕೇಳದಷ್ಟು, ಮೈಕಿಗೆ ಕೇಳುವಷ್ಟು.
ಒಳಗೆ ಔತಣದ ಚೀಸು, ಕೋಳಿ, ಅರೆದ ಆಕ್ರೋಟಿನ ಬೋಗುಣಿ.
ಅವುಗಳ ನಡುವೆ ನನ್ನ ಕಾರಿನ ಕೀಲಿ ಇಟ್ಟೆ.
ಹೊರಡುವಾಗ ಕೀಲಿ ಹುಡುಕಬೇಕು,
ಹುಡುಕುವಾಗ ಫ್ರಿಜ್ಜು ನೆನಪಾಗಬೇಕು.
ಈ ಕಸುಬಿನಲ್ಲಿ ಕಲಿತ ಬುದ್ಧಿಯೆಲ್ಲ ಇಂಥದೇ.

ಒಜುರ್ಗೇತಿಯ ಆಚೆ, ಬಾಗಿಲು ಮುಚ್ಚಿದ ಟೀ ಕಾರ್ಖಾನೆ.
ಎಲೆ ಬಾಡಿಸುತ್ತಿದ್ದ ಉದ್ದನೆಯ ಹಜಾರದಲ್ಲಿ
ಕಾರ್ಮಿಕರ ಗಾಯನ ಬಳಗಕ್ಕೆ ಐವತ್ತು ತುಂಬಿತ್ತು.
ಕಾರ್ಖಾನೆ ಸತ್ತು ಮೂವತ್ತಾಯಿತು,
ಬಳಗಕ್ಕೆ ಯಾರೂ ತಿಳಿಸಿಲ್ಲ.
ಒಂಬತ್ತು ಗಂಡಸರು, ಒಂಬತ್ತು ಕಪ್ಪು ಕೋಟು,
ಒಬ್ಬೊಬ್ಬನ ಎದೆಮಟ್ಟಕ್ಕೆ ಒಂದೊಂದು ಮೈಕು.

ಹಾಡಿಗೆ ಮುಂಚೆ ಜನರನ್ನು ಬೇಡಿಕೊಂಡೆ:
ಒಂದು ನಿಮಿಷ ಸುಮ್ಮನಿರಿ,
ಈ ಹಜಾರದ ಮೌನ ಬೇಕು ನನಗೆ,
ಆಮೇಲೆ ಹರಿದಲ್ಲಿ ತೇಪೆ ಹಾಕಲು.
ನಲವತ್ತನೇ ಸೆಕೆಂಡಿಗೆ ಯಾರದೋ ಹೊಟ್ಟೆ ಗುರುಗುಟ್ಟಿತು.
ಹಜಾರವೆಲ್ಲ ನಕ್ಕಿತು. ಮತ್ತೆ ಮೊದಲಿಂದ.

ಬತೂಮಿಗೆ ವಾಪಸು ಬಂದ ಮರುದಿನದಿಂದಲೇ ಫೋನು.
ಅಂಜೋರ್: ಎಲ್ಲರನ್ನೂ ಸಮ ಮಾಡಮ್ಮ, ನನ್ನನ್ನು ಒಂಚೂರು ಮುಂದೆ ಮಾಡು.
ವಾಲಿಕೊನ ಹೆಂಡತಿ: ಅವರ ಮೇಲಿನ ದನಿ ಏಳು ಊರಿಗೆ ಕೇಳುತ್ತಿತ್ತು,
ನಿನ್ನ ಪೆಟ್ಟಿಗೆಗೆ ಮಾತ್ರ ಯಾಕೆ ಕೇಳಲಿಲ್ಲ?
ಹಣ ಕೊಡುವ ಅಧ್ಯಕ್ಷರು:
ಕೊನೆಯ ಚಪ್ಪಾಳೆ ಹನ್ನೊಂದೇ ಸೆಕೆಂಡಿದೆ.
ಇಪ್ಪತ್ತು ಮಾಡಲು ಎಷ್ಟಾಗುತ್ತದೆ?

ಕಾರ್ಲೊ ಫೋನು ಮಾಡಲಿಲ್ಲ.
ಮಿನಿಬಸ್ಸು ಹತ್ತಿ ಬಂದ, ಎಂಬತ್ತೊಂದು ವರ್ಷ,
ಕೈಚೀಲದಲ್ಲಿ ಎಲೆ ಸಮೇತ ಕಿತ್ತ ಪುಟ್ಟ ಕಿತ್ತಳೆ.
ಕೋಟು ಬಿಚ್ಚದೆ ಕುರ್ಚಿಯ ಅಂಚಿಗೆ ಕೂತ.
"ನನ್ನನ್ನು ಇಳಿಸಿಬಿಡು ಮಗಳೇ.
ಮೂರನೇ ಹಾಡು, ಎರಡನೇ ಚರಣ. ಶ್ರುತಿ ಜಾರಿದೆ.
ಎಡಗಿವಿ ಹೋಗಿದೆ, ಬಲದ್ದು ಹೊರಟಿದೆ.
ಅವರು ಹೇಳುವುದಿಲ್ಲ. ನೀನು ಕೇಳಿದ್ದೀಯ."

ಕೇಳಿದ್ದೆ. ಕಾಲು ಸ್ವರದಷ್ಟು,
ಇಳಿಜಾರಿನಲ್ಲಿ ಬ್ರೇಕು ಮರೆತ ಗಾಡಿಯ ಹಾಗೆ, ನಿಧಾನಕ್ಕೆ.
ಸರಿಪಡಿಸುವ ಸಾಧನವೂ ನನ್ನಲ್ಲಿದೆ. ಹೇಳಲಿಲ್ಲ.
ಅವನೆದುರೇ ಅವನ ಸಾಲು ಮುಚ್ಚಿದೆ.

ಹೋಗಲಿಲ್ಲ ಅವನು.
ಅಂಜೋರನ ಮೈಕಿನಲ್ಲಿದ್ದ,
ವಾಲಿಕೊನ ಮೈಕಿನಲ್ಲಿ ಮಸುಕಾಗಿ,
ಆಚೆ ತುದಿಯ ಹುಡುಗನ ಉಸಿರಿನ ಹಿಂದೆ.
ಐವತ್ತು ವರ್ಷ ಪಕ್ಕದಲ್ಲಿ ನಿಂತವನನ್ನು
ಒಂದು ಗುಂಡಿ ಒತ್ತಿ ಎಲ್ಲಿಗೆ ಕಳಿಸುವುದು?

ಆಮೇಲೆ ಒಬ್ಬೊಬ್ಬರನ್ನೇ ತೆರೆದು ಅಳೆದೆ.
ಅಳೆದದ್ದನ್ನೇ ಮತ್ತೆ ಅಳೆದೆ.
ಎರಡನೇ ಚರಣದಲ್ಲಿ ಎಂಟು ಜನವೂ
ಅದೇ ಕಾಲು ಸ್ವರ ಕೆಳಗಿದ್ದರು.
ಅವನು ಇಳಿದಲ್ಲಿಗೆ ಇಳಿದಿದ್ದರು,
ಒಬ್ಬರ ಮುಖ ಒಬ್ಬರು ನೋಡದೆ,
ಒಂದು ಅಕ್ಷರ ತಪ್ಪದೆ.
ತಪ್ಪೆಂದು ಗೊತ್ತಿದ್ದದ್ದು ನನ್ನ ಯಂತ್ರಕ್ಕೆ ಮಾತ್ರ.

ಪರದೆಯ ಗೆರೆಗಳನ್ನು ಬೆರಳಿಟ್ಟು ತೋರಿಸಿದೆ.
"ಅಂಜೋರ್ ಕೂಡಾ?"
ಅಂಜೋರ್ ಕೂಡಾ.
"ವಾಲಿಕೊ?"
ಎಲ್ಲರಿಗಿಂತ ಮೊದಲು.
ಕಾರ್ಲೊ ಬಹಳ ಹೊತ್ತು ಏನೂ ಅನ್ನಲಿಲ್ಲ.
"ಕಳ್ಳರು" ಅಂದ.
ಒಂದು ಕಿತ್ತಳೆ ಸುಲಿದ, ನನಗೆ ಅರ್ಧ ಕೊಟ್ಟ,
ಬೀಜವನ್ನು ಅಂಗೈಯಲ್ಲೇ ಇಟ್ಟುಕೊಂಡು ಬಸ್ಸಿಗೆ ಹೋದ.

ಆ ರಾತ್ರಿ ಕೆಲಸ ಮುಗಿಸಿದೆ.
ಕೆಮ್ಮು ಎರಡು ತೆಗೆದೆ, ಕುರ್ಚಿ ಕಿರುಗುಟ್ಟಿದ್ದು ಒಂದು.
ಅಂಜೋರನನ್ನು ಒಂಚೂರು ಮುಂದೆ ತಂದೆ,
ಅವನಿಗೆ ಗೊತ್ತಾಗುವಷ್ಟು, ಉಳಿದವರಿಗೆ ಗೊತ್ತಾಗದಷ್ಟು.
ಮೂರನೇ ಹಾಡು ಮುಟ್ಟಲಿಲ್ಲ.
ಬಿಲ್ಲಿನಲ್ಲಿ ಬರೆದೆ: ಧ್ವನಿಮುದ್ರಣ, ಒಂದು ಸಂಜೆ.
ಸಂಕಲನ, ನಾಲ್ಕು ದಿನ. ಪೆಟ್ರೋಲು.
ಎರಡನೇ ಹಾಡಿನಿಂದ ಕಡ ತಂದು ಅಂಟಿಸಿದ
ಮೂರು ಸೆಕೆಂಡು ಚಪ್ಪಾಳೆಗೆ
ಹಣ ಹಾಕಿಲ್ಲ.